ಏರಿಯಲ್ ತಂತಿಯಿಂದ ಹೋಂ ಥಿಯೇಟರಿನವರೆಗೆ

“ಮೊದಲ ಸಲ ಹೋಂ ಥಿಯೇಟರ್ ಕೊಳ್ಳಬೇಕೆಂದಿದ್ದೇವೆ, ಯಾವುದು ಒಳ್ಳೆಯದು ಮೇಷ್ಟ್ರೇ?” ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಕಂಪನಿಯ ಹೆಸರು ಸೂಚಿಸುವಷ್ಟು ಪರಿಣತಿ ನನಗಿಲ್ಲ. ಚರಿತ್ರೆ ಪಾಠ ಹೇಳಿದವನಾದ್ದರಿಂದ, ಮೂಡಿಗೆರೆಯ ಸೀಮೆಗೆ ಧ್ವನಿಯೂ ಚಿತ್ರವೂ ಬಂದ ಬಗೆಯನ್ನು ಹೇಳಬಲ್ಲೆ. ಇಲ್ಲಿ ಯಂತ್ರಗಳ ಆಯ್ಕೆಯನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಗುಡ್ಡ, ಮಳೆ ಮತ್ತು ಕಾಫಿಯ ಬೆಲೆ.

1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ವಿದ್ಯುತ್ತು ಇನ್ನೂ ಬಾರದ ತೋಟದ ಮನೆಗಳಲ್ಲಿ ಬ್ಯಾಟರಿಯಿಂದ ನಡೆಯುವ ವಾಲ್ವ್ ರೇಡಿಯೋಗಳಿದ್ದವು. ಮನೆಯ ಮಾಡಿನಿಂದ ಸಿಲ್ವರ್ ಮರಕ್ಕೆ ಏರಿಯಲ್ ತಂತಿ ಎಳೆದರೆ ಸಿಲೋನ್ ಕೇಂದ್ರದ ಶಾರ್ಟ್‌ವೇವ್ ಪ್ರಸಾರವೂ ಕೇಳುತ್ತಿತ್ತು. 1965ರಲ್ಲಿ ಭದ್ರಾವತಿ ಆಕಾಶವಾಣಿ ಆರಂಭವಾದ ಮೇಲೆ ಮಲೆನಾಡಿಗೆ ಸಮೀಪದ ಕನ್ನಡ ಧ್ವನಿಯೊಂದು ದೊರೆಯಿತು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷ ವರ್ಷವೂ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತೆಂದರೆ ಇಂದಿನ ಮಕ್ಕಳು ನಗುತ್ತಾರೆ!

ಮೀಡಿಯಂ ವೇವ್ ನೆಲವನ್ನು ಅನುಸರಿಸಿ ಸಾಗುತ್ತದೆ. ಶಾರ್ಟ್‌ವೇವ್ ಬಾನಿಗೆ ಬಡಿದು ಮರಳುತ್ತದೆ. ಹೀಗಾಗಿ ಗುಡ್ಡದ ಮರೆಯ ಮನೆಗೂ ರೇಡಿಯೋ ತಲುಪಿತು. ದೂರದರ್ಶನದ ಅಲೆಗಳಾದರೋ ಹೆಚ್ಚುಕಡಿಮೆ ನೇರವಾಗಿ ಸಾಗುವಂಥವು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಆರಂಭವಾಯಿತು, 1982ರ ಏಷ್ಯನ್ ಕ್ರೀಡಾಕೂಟದ ವರ್ಷ ಬಣ್ಣವೂ ಬಂದಿತು. ನಮ್ಮ ಕಣಿವೆಗಳಲ್ಲಿ ಮಾತ್ರ ಗುಡ್ಡದ ನೆತ್ತಿಯಲ್ಲಿ ಆಂಟೆನಾ ನೆಟ್ಟು, ಬೂಸ್ಟರ್ ಜೋಡಿಸಿ, ಕಾಫಿ ಗಿಡಗಳ ನಡುವೆ ಉದ್ದಕ್ಕೂ ವೈರು ಎಳೆಯಬೇಕಾಯಿತು. ಹೂಮಳೆಯ ಸಿಡಿಲಿಗೆ ಆ ವೈರೇ ದಾರಿಯಾಗುತ್ತಿತ್ತು. ಬಾಡಿಗೆಯ ವಿ.ಸಿ.ಪಿ. ಬಂದ ಕಾಲದಲ್ಲಿ ಶತ್ರು ಬೂಷ್ಟು. ಕ್ಯಾಸೆಟ್ಟುಗಳನ್ನು ಅಕ್ಕಿಯ ಡಬ್ಬದಲ್ಲಿಟ್ಟು ಕಾಪಾಡುತ್ತಿದ್ದ ಗೃಹಿಣಿಯರನ್ನು ಕಂಡಿದ್ದೇನೆ.

ಇನ್ನು ಹಣದ ಮಾತು. 1992ರವರೆಗೂ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೇ ಒಪ್ಪಿಸಬೇಕಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. ಮುಕ್ತ ಮಾರಾಟದ ಬಾಗಿಲು ತೆರೆಯುತ್ತಿದ್ದಾಗಲೇ, 1994ರಲ್ಲಿ ಬ್ರೆಜಿಲಿನ ತೋಟಗಳಿಗೆ ಫ್ರಾಸ್ಟ್ ಬಡಿದು ಬೆಲೆ ಗಗನಕ್ಕೇರಿತು. ತೋಟದ ಮನೆಗಳ ಅಂಗಳದಲ್ಲಿ ದೊಡ್ಡ ಡಿಶ್‌ಗಳು ಕಾಣಿಸಿಕೊಂಡದ್ದು ಆ ದಶಕದಲ್ಲಿ. ಆದರೆ ಡಿ.ವಿ.ಡಿ. ಪ್ಲೇಯರ್, ಐದು ಪುಟ್ಟ ಸ್ಪೀಕರು, ಒಂದು ಸಬ್‌ವೂಫರ್ ಒಂದೇ ಪೆಟ್ಟಿಗೆಯಲ್ಲಿ ಅಂಗಡಿಗೆ ಬಂದ 2001ರ ಸುಮಾರಿಗೆ ಕಾಫಿಯ ಬೆಲೆ ನೆಲ ಕಚ್ಚಿತ್ತು. ಕೈಬಿಗಿಯ ಆ ಕಾಲದಲ್ಲಿ ಅಗ್ಗದ ಪೆಟ್ಟಿಗೆಗಳ ಮೇಲೆ ‘2000 ವಾಟ್ ಪಿ.ಎಂ.ಪಿ.ಒ.’ ಎಂದು ಅಚ್ಚಾಗಿರುತ್ತಿತ್ತು. ಅದು ಕ್ಷಣಮಾತ್ರದ ಗರಿಷ್ಠ ಶಕ್ತಿಯ ಲೆಕ್ಕ. ಅದಕ್ಕೊಂದು ಒಪ್ಪಿತ ಅಳತೆಯೂ ಇಲ್ಲ. ನಿಜವಾಗಿ ನೋಡಬೇಕಾದದ್ದು ಆರ್.ಎಂ.ಎಸ್. ವಾಟ್. ಈ ಮಾತು ಇಂದಿಗೂ ಸಲ್ಲುತ್ತದೆ.

ನಮ್ಮ ಮನೆಗಳ ಮಾಡನ್ನೂ ಮರೆಯಬಾರದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಬಳಕೆಗೆ ಬಂದ ಮಂಗಳೂರು ಹೆಂಚು ಘಟ್ಟವನ್ನೂ ಹತ್ತಿತು. ಆಷಾಢದ ಮಳೆ ಆ ಹೆಂಚಿನ ಮೇಲೆ ಸುರಿಯುವಾಗ ಸ್ಫೋಟದ ಸದ್ದು ಕೇಳೀತು, ಸಂಭಾಷಣೆ ಕೇಳದು. ಕಿವಿ ಮಂದವಾದ ಅಜ್ಜಿಯೋ ಅಪ್ಪಯ್ಯನೋ ಮನೆಯಲ್ಲಿದ್ದರೆ ಅವರಿಗೆ ಸಿನಿಮಾ ಮೂಕಚಿತ್ರವೇ ಸರಿ. 5.1 ವ್ಯವಸ್ಥೆಯಲ್ಲಿ ಮಾತುಗಳು ಬಹುತೇಕ ನಡುವಿನ ಸ್ಪೀಕರಿನಿಂದ ಬರುತ್ತವೆ. ಆದ್ದರಿಂದ ಹಣವನ್ನು ಮೊದಲು ಅದಕ್ಕೆ ಸುರಿಯಬೇಕು. ಅದರೊಂದರ ಧ್ವನಿಯನ್ನೇ ಪ್ರತ್ಯೇಕವಾಗಿ ಏರಿಸುವ ಸೌಲಭ್ಯ ರಿಸೀವರಿನಲ್ಲಿದೆಯೇ ಎಂದು ಕೇಳಬೇಕು. ಸಬ್‌ವೂಫರ್ ಚಿಕ್ಕದಿದ್ದರೂ ಸಾಕು. ಗುಡುಗನ್ನು ದುಡ್ಡು ಕೊಟ್ಟು ತರುವ ದುರ್ಗತಿ ಮಲೆನಾಡಿಗೆ ಬಂದಿಲ್ಲ.

ಪುಟ್ಟ ಡಿಶ್‌ಗೆ ಬರುವ ಕೆ.ಯು. ಬ್ಯಾಂಡ್ ಅಲೆಗಳನ್ನು ಜಡಿಮಳೆ ಹೀರಿಬಿಡುತ್ತದೆ. ಆಗ ಪೆನ್ ಡ್ರೈವಿನಿಂದ ನೋಡುವ ಅನುಕೂಲವಿದ್ದರೆ ಒಳ್ಳೆಯದು. ಅರ್ಥಿಂಗ್ ಸರಿಯಾಗಿರಲಿ, ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದೊಡನೆ, ಪ್ಲಗ್ಗಿನ ಜೊತೆ ಡಿಶ್‌ನ ಕೇಬಲನ್ನೂ ಕಳಚಿಡಿ. ಅಂಗಡಿಯವರು ಯುದ್ಧದ ದೃಶ್ಯ ಹಾಕಿ ತೋರಿಸುತ್ತಾರೆ. ನೀವು ಇಬ್ಬರು ಮೆಲ್ಲಗೆ ಮಾತನಾಡುವ ದೃಶ್ಯವೊಂದನ್ನು ಹಾಕಿಸಿ ಕೇಳಿ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ.