ಮದ್ದಿಗೆ ಬಗ್ಗದ ರಕ್ತದೊತ್ತಡ: ಶಿಕಾರಿಪುರ, ಸೊರಬ

ಮದ್ದಿಗೆ ಬಗ್ಗದ ರಕ್ತದೊತ್ತಡವೆಂದರೆ ಬೇರೆ ಬೇರೆ ವರ್ಗದ ಮೂರು ಔಷಧಿಗಳನ್ನು ತಡೆದುಕೊಳ್ಳಬಲ್ಲಷ್ಟು ಪೂರ್ಣ ಪ್ರಮಾಣದಲ್ಲಿ ಸೇವಿಸಿದರೂ ಇಳಿಯದ, ಅಥವಾ ಇಳಿಸಲು ನಾಲ್ಕನೆಯ ಔಷಧಿ ಬೇಕಾಗುವ ಅಧಿಕ ರಕ್ತದೊತ್ತಡ. ಮೂರರಲ್ಲಿ ಒಂದು ಮೂತ್ರವರ್ಧಕವಾಗಿರಬೇಕು. ಅಮೆರಿಕದ ಹೃದ್ರೋಗ ಸಂಘವು 2008ರಲ್ಲಿ ಈ ವ್ಯಾಖ್ಯೆಯನ್ನು ಗಟ್ಟಿಗೊಳಿಸಿತು. 2018ರಲ್ಲಿ ಅದನ್ನು ಪರಿಷ್ಕರಿಸಿ, ರೋಗಿ ಮಾತ್ರೆಯನ್ನು ನಿಜಕ್ಕೂ ನುಂಗುತ್ತಿದ್ದಾನೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕೆಂದು ಒತ್ತಿ ಹೇಳಿತು.

ವೈದ್ಯಕೀಯ ಇತಿಹಾಸದಲ್ಲಿ ಸೊರಬಕ್ಕೆ ಹೆಸರು ಬಂದದ್ದು ಬೇರೆ ಕಾಯಿಲೆಯಿಂದ. ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, 1957ರಲ್ಲಿ ಮಂಗನ ಕಾಯಿಲೆಯ ವೈರಸ್ ಪತ್ತೆಯಾಯಿತು. ಅಂದಿನಿಂದ ಆರೋಗ್ಯ ಇಲಾಖೆಯ ಕಣ್ಣು ಜ್ವರ, ಉಣ್ಣೆ, ಲಸಿಕೆಗಳ ಮೇಲೆಯೇ ಹೆಚ್ಚು. ಸದ್ದಿಲ್ಲದೆ ಏರುವ ಬಿ.ಪಿ. ಲೆಕ್ಕಕ್ಕೆ ಬರಲು ಅರ್ಧ ಶತಮಾನ ಹಿಡಿಯಿತು. ಮಧುಮೇಹ, ಹೃದ್ರೋಗ ಮತ್ತು ಪಾರ್ಶ್ವವಾಯು ತಡೆಯುವ ರಾಷ್ಟ್ರೀಯ ಕಾರ್ಯಕ್ರಮವನ್ನು 2008ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಶಿಕಾರಿಪುರ, ಸೊರಬ ತಾಲ್ಲೂಕುಗಳಿರುವ ಶಿವಮೊಗ್ಗ ಜಿಲ್ಲೆ. 2010ರಲ್ಲಿ ಕ್ಯಾನ್ಸರನ್ನೂ ಸೇರಿಸಿಕೊಂಡು ಕಾರ್ಯಕ್ರಮ ವಿಸ್ತಾರಗೊಂಡಿತು.

ಔಷಧಿಗಳ ಚರಿತ್ರೆಯೇ ಈ ಸಮಸ್ಯೆಯ ಚರಿತ್ರೆಯೂ ಹೌದು. 1940ರ ದಶಕದವರೆಗೆ ತೀವ್ರ ರಕ್ತದೊತ್ತಡವೆಲ್ಲ ಮದ್ದಿಗೆ ಬಗ್ಗದ್ದೇ, ಏಕೆಂದರೆ ನೆಚ್ಚಬಹುದಾದ ಮದ್ದೇ ಇರಲಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕೆಂಪ್ನರ್ ಇಂಥ ರೋಗಿಗಳಿಗೆ ಅನ್ನ ಮತ್ತು ಹಣ್ಣು ಕೊಟ್ಟು ಒತ್ತಡ ಇಳಿಸಿ ತೋರಿಸಿದ. ಮೂರು ಹೊತ್ತೂ ಅನ್ನ ಉಣ್ಣುವ ಮಲೆನಾಡಿಗರು ಇದನ್ನು ಓದಿ ಹಿಗ್ಗುವಂತಿಲ್ಲ: ಕೆಂಪ್ನರನ ಅನ್ನಕ್ಕೆ ಉಪ್ಪಿರಲಿಲ್ಲ, ನಮ್ಮ ಗಂಜಿಯ ಪಕ್ಕದಲ್ಲಿ ಉಪ್ಪಿನಲ್ಲೇ ತಿಂಗಳುಗಟ್ಟಲೆ ಕಳಿತ ಅಪ್ಪೆಮಿಡಿ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿ ಹಾಕಿದೆ. ಉಪ್ಪು ಹೆಚ್ಚಾದಾಗ ಮೂತ್ರವರ್ಧಕವೂ ಸೋಲುತ್ತದೆ. ಮದ್ದಿಗೆ ಬಗ್ಗದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಭಾರತದ ಪಾಲು ಸರ್ಪಗಂಧದ್ದು. ಅದರ ಬೇರಿನಿಂದ ರಕ್ತದೊತ್ತಡ ಇಳಿಯುತ್ತದೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು. ಮುಂಬಯಿಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯ ಮೂಲಕ ಅದನ್ನು ಜಗತ್ತಿಗೆ ಮುಟ್ಟಿಸಿದರು. ಆಮೇಲೆ 1958ರ ಹೊತ್ತಿಗೆ ಥಯಾಜೈಡ್, ಮುಂದೆ ಬೀಟಾ ತಡೆಕಗಳು, ಅಮ್ಲೊಡಿಪಿನ್, ಟೆಲ್ಮಿಸಾರ್ಟನ್ ಬಂದವು. ನಾಲ್ಕನೆಯ ಮಾತ್ರೆ ಯಾವುದಾಗಬೇಕೆಂಬ ಪ್ರಶ್ನೆಗೆ 2015ರ ಪಾತ್‌ವೇ-2 ಪ್ರಯೋಗ ಹಳೆಯ, ಅಗ್ಗದ ಸ್ಪೈರೊನೊಲ್ಯಾಕ್ಟೋನನ್ನೇ ಎತ್ತಿಹಿಡಿಯಿತು.

ಎಷ್ಟು ಜನರಿಗಿದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರ ರಕ್ತದೊತ್ತಡ ಹೆಚ್ಚು. ಆದರೆ ಆ ಸಮೀಕ್ಷೆ ಯಾರು ಎಷ್ಟು ಬಗೆಯ ಮಾತ್ರೆ ನುಂಗುತ್ತಾರೆಂದು ಕೇಳುವುದಿಲ್ಲ. ಲೋಕದ ಅಧ್ಯಯನಗಳು ಚಿಕಿತ್ಸೆಯಲ್ಲಿರುವವರ ಪೈಕಿ ಶೇ. 10ರಿಂದ 15ರಷ್ಟು ಮಂದಿಯಲ್ಲಿ ಮದ್ದಿಗೆ ಬಗ್ಗದ ಒತ್ತಡ ಕಾಣುತ್ತದೆನ್ನುತ್ತವೆ. ಈ ಅಂಕಿಯಲ್ಲಿ ಸುಳ್ಳು ಪ್ರಕರಣಗಳೂ ಬೆರೆತಿವೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದ ರೈತನನ್ನು ಐದು ನಿಮಿಷವೂ ಕೂರಿಸದೆ, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ ಅಳೆದರೆ ಅಂಕಿ ಏರಿಯೇ ಏರುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ ಅಷ್ಟೇ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಮಾತ್ರೆ ತಪ್ಪಿಸುವುದು, ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವುದು, ಇವೆರಡೂ ಒತ್ತಡ ಏರಿಸುವಂಥವು. ಇವನ್ನೆಲ್ಲ ಕಳೆದು ಉಳಿದವರಲ್ಲಿ ಮೂತ್ರಪಿಂಡದ ಕಾಯಿಲೆ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, 1955ರಲ್ಲಿ ಜೆರೋಮ್ ಕಾನ್ ಗುರುತಿಸಿದ ಆಲ್ಡೊಸ್ಟೆರೋನ್ ಹೆಚ್ಚಳ ಹುಡುಕಬೇಕು.

2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಲ್ಲೇ ಬಿ.ಪಿ. ಅಳೆಯುವ ಕ್ರಮ ತಂದಿದೆ. 2025ರಲ್ಲಿ ಅದು ಉಳಿದ ಜಿಲ್ಲೆಗಳಿಗೂ ಹಬ್ಬಿತು. ಅಂಕಿಯ ಜೊತೆಗೆ ಕಳೆದ ತಿಂಗಳು ಎಷ್ಟು ದಿನ ಮಾತ್ರೆ ತಪ್ಪಿತೆಂಬುದನ್ನೂ ಬರೆದುಕೊಂಡರೆ ಮಾತ್ರ ಶಿಕಾರಿಪುರ, ಸೊರಬ ತಾಲ್ಲೂಕುಗಳ ಲೆಕ್ಕ ನಂಬುವಂತಾದೀತು.