ಹದಿಮೂರು ಮನೆಯ ಗೋಪುರ

ಶನಿವಾರ-ಭಾನುವಾರ ಏನು ಮಾಡ್ತೀ ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ ಈಗೀಗ ನಿಜವನ್ನೇ ಹೇಳಿಬಿಡುತ್ತೇನೆ: ಗೊಂಬೆಮನೆಗೆ ಸಾಮಾನು ಮಾಡ್ತೇನೆ. ಇಪ್ಪತ್ತೆಂಟನೇ ವಯಸ್ಸಿಗೆ ಗೊಂಬೆಯಾಟವಾ ಅಂತ ನಗುವವರು ನಗಲಿ ಬಿಡಿ. ಕಂಪ್ಯೂಟರಿನಲ್ಲಿ ಚಿತ್ರ ಬರೆದು, ದಪ್ಪ ಕಾಗದದ ಮೇಲೆ ಮುದ್ರಿಸಿ, ಕತ್ತರಿಸಿ, ಮಡಚಿ, ಫೆವಿಕಾಲ್ ಹಚ್ಚಿ ಒಂದು ಮನೆ ಕಟ್ಟುತ್ತಿದ್ದೇನೆ. ನಮ್ಮೂರ ಕಡೆಯ ಮನೆ. ಪಡಸಾಲೆ, ನಡುಮನೆ, ಅಡಿಗೆಮನೆ, ದೇವರ ಜಗಲಿ, ದನದ ಗ್ವಾದಲಿ, ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ಎಲ್ಲವೂ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದಡಿಗೆ ಒಂದಿಂಚು. (ಮುದ್ರಿಸುವಾಗ ‘ಫಿಟ್ ಟು ಪೇಜ್’ ಅನ್ನುವುದನ್ನು ತೆಗೆದು ಹಾಕಿ. ಇಲ್ಲದಿದ್ದರೆ ಬಾಗಿಲೂ ಚೌಕಟ್ಟೂ ಒಂದಕ್ಕೊಂದು ಕೂಡುವುದಿಲ್ಲ.)

ಕಾಗದದಲ್ಲಿ ಪೆಟ್ಟಿಗೆ ಬಂತು, ತೊಟ್ಟಿಲು ಬಂತು, ಪಂಚಾಂಗ ಕೂಡ ಬಂತು. ಬಾರದೇ ಹಟ ಹಿಡಿದದ್ದು ಆ ಪೆಟ್ಟಿಗೆಯೊಳಗೆ ಇರಬೇಕಾದ ಕಸೂತಿ ಸೀರೆ. ಅದರ ಬೆನ್ನು ಹತ್ತಿ ಓದಿದ್ದು, ಕೇಳಿದ್ದು, ಎಣಿಸಿದ್ದು ಈ ಬರಹ.

ಗೊಂಬೆಮನೆ ಮೊದಲು ಮಕ್ಕಳ ಆಟಿಕೆಯೇ ಆಗಿರಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬ ಶ್ರೀಮಂತ ಹೆಂಗಸಿನ ಗೊಂಬೆಮನೆ ಇದೆ. ಸುಮಾರು 1686ರಿಂದ 1710ರವರೆಗೆ ಮಾಡಿಸಿದ್ದು. ಪಿಂಗಾಣಿಯ ಪುಟಾಣಿ ಪಾತ್ರೆಗಳನ್ನು ಪೂರ್ವ ದೇಶಗಳಿಂದ ತರಿಸಿದ್ದಳಂತೆ. ಅದಕ್ಕೆ ಸುರಿದ ದುಡ್ಡಿನಲ್ಲಿ ಅದೇ ಊರಿನ ಕಾಲುವೆ ದಂಡೆಯ ಮೇಲೆ ನಿಜವಾದ ಮನೆಯನ್ನೇ ಕೊಳ್ಳಬಹುದಿತ್ತು! ಇಂಗ್ಲೆಂಡಿನ ರಾಣಿ ಮೇರಿಗಾಗಿ 1921ರಿಂದ 1924ರ ನಡುವೆ ಕಟ್ಟಿದ ಗೊಂಬೆಮನೆಗೆ ನಕ್ಷೆ ಹಾಕಿದವರು ನಮ್ಮ ದಿಲ್ಲಿಯ ರಾಷ್ಟ್ರಪತಿ ಭವನದ ಲ್ಯೂಟೆನ್ಸ್ ಸಾಹೇಬರೇ. ಅದೂ ಒಂದಡಿಗೆ ಒಂದಿಂಚಿನ ಲೆಕ್ಕ. ನಲ್ಲಿಯಲ್ಲಿ ನೀರು ಬರುತ್ತದೆ, ವಿದ್ಯುದ್ದೀಪ ಹತ್ತುತ್ತದೆ. ಈಗ ವಿಂಡ್ಸರ್ ಕೋಟೆಯಲ್ಲಿದೆ. ಆ ಮನೆ ಜನರೆದುರು ಪ್ರದರ್ಶನಕ್ಕೆ ಬಂದ 1924ರಲ್ಲೇ, ಡಿಸೆಂಬರಿನಲ್ಲಿ, ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಅಧ್ಯಕ್ಷರಾಗಿ ಕೂತಿದ್ದರು. ಅದಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1824ರಲ್ಲಿ, ಕಿತ್ತೂರಿನ ಕಾಳಗ. ಒಂದಕ್ಕೊಂದು ಸಂಬಂಧವಿಲ್ಲ, ಸುಮ್ಮನೆ ಹೇಳಿದೆ.

ದುಡ್ಡಿಲ್ಲದವರ ಪಾಲಿಗೆ ಬಂದದ್ದು ಕಾಗದ. ಫ್ರಾನ್ಸಿನ ಎಪಿನಾಲ್ ಎಂಬ ಊರಿನಲ್ಲಿ 1796ರಲ್ಲಿ ಪೆಲ್ಲೆರಾಂ ಎಂಬಾತ ಶುರು ಮಾಡಿದ ಮುದ್ರಣಾಲಯ ಮುಂದೆ ಕತ್ತರಿಸಿ ಅಂಟಿಸುವ ಮನೆ, ಅರಮನೆಗಳ ಹಾಳೆಗಳಿಗೂ ಹೆಸರಾಯಿತು. ನಾನು ಇಂದು ಪ್ರಿಂಟರಿನಿಂದ ತೆಗೆಯುವ ಹಾಳೆಗೆ ಅದೇ ಅಜ್ಜ.

ಇನ್ನು ನಮ್ಮ ಕಡೆ? ಬೈಲಹೊಂಗಲದ ಹತ್ತಿರ ಸಂಪಗಾಂವ ಅನ್ನುವ ಊರಿದೆ. ಈಗ ಹಳ್ಳಿ, ಆದರೆ ಬ್ರಿಟಿಷರ ಕಾಲದಲ್ಲಿ ಇಡೀ ತಾಲೂಕಿಗೇ ಅದರ ಹೆಸರು. ಬೈಲಹೊಂಗಲ, ಕಿತ್ತೂರು ಎರಡೂ ಅದರೊಳಗೇ ಇದ್ದವು. ಮೈಸೂರಿನವರ ಹಾಗೆ ದಸರೆಗೆ ಗೊಂಬೆ ಕೂರಿಸುವ ರೂಢಿ ಇಲ್ಲಿ ಕಡಿಮೆ. ನಮ್ಮ ಪುಟಾಣಿ ಪ್ರಪಂಚವೆಲ್ಲ ಮಣ್ಣಿನದು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಿಗೆ ಹುಡುಗಿಯರು ಮಾಡುವ ಗುಳ್ಳವ್ವ, ಬೆಳಗಾವಿ ಕಡೆ ದೀಪಾವಳಿಗೆ ಹುಡುಗರು ಮನೆ ಮುಂದೆ ಕಟ್ಟುವ ಕೋಟೆ. ಗೋಕಾಕದ ಬಣ್ಣದ ಹಣ್ಣು-ಕಾಯಿ ಗೊಂಬೆಗಳು ಮಾತ್ರ ಕಪಾಟಿನಲ್ಲಿ ಉಳಿಯುತ್ತವೆ. ಉಳಿದವೆಲ್ಲ ಆ ಹಬ್ಬಕ್ಕೆ ಹುಟ್ಟಿ ಆ ಹಬ್ಬಕ್ಕೇ ಮುಗಿಯುವಂಥವು. ಇನ್ನೂರು ವರ್ಷದ ಗೊಂಬೆಮನೆ ನಮ್ಮಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು?

ಸೀರೆಯ ಮೇಲೆ ಸಿಗುತ್ತದೆ ಅನ್ನುವುದು ನನ್ನ ವಾದ.

ಕಸೂತಿಯ ಚಿತ್ತಾರಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಗೋಪುರ, ತೇರು, ತುಳಸಿ ಕಟ್ಟೆ, ತೊಟ್ಟಿಲು, ಪಲ್ಲಕ್ಕಿ, ಅಂಬಾರಿ ಹೊತ್ತ ಆನೆ, ನಂದಿ, ನವಿಲು. ಒಂದು ಊರಿನ ಸಾಮಾನೆಲ್ಲ ಇದೆ. ಸೆರಗಿನ ಹತ್ತಿರ ದೊಡ್ಡವು, ಮೈಗೆ ಬರುತ್ತಾ ಬರುತ್ತಾ ಸಣ್ಣವು. ಮದುವೆಯ ಹೆಣ್ಣಿಗೆ ಕೊಡುತ್ತಿದ್ದ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಈ ಊರು ಬೆಳ್ಳಗೆ, ಕೆಂಪಗೆ ಎದ್ದು ಕಾಣುತ್ತಿತ್ತು. ಚಾಲುಕ್ಯರ ಕಾಲದಿಂದ ಬಂದದ್ದು ಅಂತ ಎಲ್ಲ ಕಡೆ ಬರೆದಿರುತ್ತಾರೆ. ನನಗೆ ಅದನ್ನು ಓದಿದಾಗಲೆಲ್ಲ ಸ್ವಲ್ಪ ಉಪ್ಪು ಬೇಕಾಗುತ್ತದೆ. ಬಟ್ಟೆ ಅಷ್ಟು ದಿನ ಬಾಳುವುದಿಲ್ಲ, ಕಲ್ಲಲ್ಲವಲ್ಲ. ಹಳೆಯದು ಅಂತ ತೋರಿಸಲು ಚಾಲುಕ್ಯರೇ ಬೇಕು ಅಂತಲೂ ಇಲ್ಲ.

ಹೊಲಿಗೆಗಳು ನಾಲ್ಕು. ಗವಂತಿ, ಮುರಗಿ, ನೇಗಿ, ಮೆಂತೆ. ಮೆಂತೆ ಅಂದರೆ ಕತ್ತರಿ ಗುರುತಿನ ಹೊಲಿಗೆ, ಕಾಳಿನ ಹಾಗೆ ಕಾಣುವುದಕ್ಕೆ ಆ ಹೆಸರು. ನೇಗಿ ನೇಯ್ದ ಹಾಗೆ ಕಾಣುತ್ತದೆ. ನನ್ನನ್ನು ಹಿಡಿದು ಕೂರಿಸಿದ್ದು ಮೊದಲಿನ ಎರಡು. ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳುವ ಹಾಗಿಲ್ಲ, ಎಳೆ ಎಣಿಸಬೇಕು. ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಸೂಜಿ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಹೋಗುತ್ತದೆ. ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತದೆ. ಚಿತ್ತಾರ ಮುಗಿಯುವ ಹೊತ್ತಿಗೆ ಸೂಜಿ ಹೊರಟ ಜಾಗಕ್ಕೇ ಬಂದು ನಿಂತಿರುತ್ತದೆ, ಮುಂಬದಿ ಹಿಂಬದಿ ಎರಡೂ ಒಂದೇ ಥರ ಇರುತ್ತವೆ. ಯುರೋಪಿನಲ್ಲಿ ಇದೇ ಗವಂತಿಯನ್ನು ಹೋಲ್ಬೈನ್ ಹೊಲಿಗೆ ಅನ್ನುತ್ತಾರೆ. 16ನೇ ಶತಮಾನದ ಚಿತ್ರಕಾರ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಅಂಗಿಯ ತೋಳಿನ ಅಂಚಿಗೆ ಅದು ಕಾಣುತ್ತದೆ ಅಂತ. ಹೊಲಿದವಳ ಹೆಸರು ಬಿಟ್ಟು ಚಿತ್ರ ಬರೆದವನ ಹೆಸರು ಇಟ್ಟಿದ್ದಾರೆ, ಇರಲಿ.

ಇಂಜಿನಿಯರಿಂಗ್ ಓದಿದವರಿಗೆ ಇಷ್ಟು ಹೊತ್ತಿಗೆ ಕೋನಿಗ್ಸ್‌ಬರ್ಗಿನ ಏಳು ಸೇತುವೆ ನೆನಪಾಗಿರಬೇಕು. ಪ್ರತಿ ಸೇತುವೆಯನ್ನು ಒಮ್ಮೆ ಮಾತ್ರ ದಾಟಿ ಊರು ಸುತ್ತಲಾಗದು ಎಂದು ಆಯ್ಲರ್ 1736ರಲ್ಲಿ ತೋರಿಸಿದ. ಕೂಡುವ ದಾರಿಗಳ ಸಂಖ್ಯೆ ಬೆಸವಾಗಿರುವ ಜಾಗಗಳು ಎರಡಕ್ಕಿಂತ ಹೆಚ್ಚಿದ್ದರೆ ಸುತ್ತು ಕೆಡುತ್ತದೆ. ಕಸೂತಿಯಲ್ಲಿ ಪ್ರತಿ ಗೆರೆಯನ್ನೂ ಎರಡು ಸಲ ನಡೆಯುತ್ತೇವೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಹಾಗಾಗಿ ಎಲ್ಲ ಜಾಗವೂ ಸಮ! ಬಿಡಿ ಬಿಡಿ ತುಂಡಾಗದೆ ಒಂದಕ್ಕೊಂದು ಕೂಡಿಕೊಂಡಿರುವ ಯಾವ ಚಿತ್ತಾರವನ್ನಾದರೂ ಹೀಗೆ ಹೊರಟ ಜಾಗಕ್ಕೇ ಬಂದು ಮುಗಿಸಬಹುದು ಅಂತ ಗಣಿತ ಖಾತ್ರಿ ಕೊಡುತ್ತದೆ. ಸೇತುವೆಯ ಹೆಸರನ್ನೇ ಕೇಳದ ಹೆಂಗಸರು ಪಡಸಾಲೆಯಲ್ಲಿ ಕೂತು ಇದನ್ನೇ ಮಾಡುತ್ತಿದ್ದರು. ದಾರಿ ಉಂಟು ಅನ್ನುವುದೇನೋ ಸರಿ. ಯಾವ ದಾರಿ ಅನ್ನುವುದು ಬೇರೆ ಪ್ರಶ್ನೆ.

ಚಿತ್ತಾರಗಳು ಕಾಗದಕ್ಕೆ ಇಳಿದದ್ದು ಹಳೆಯ ಕತೆ. 1520ರ ದಶಕದಲ್ಲೇ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಹೊಲಿಗೆ ಮಾದರಿಗಳ ಪುಸ್ತಕ ಅಚ್ಚಾಗಿತ್ತು. 1587ರಲ್ಲಿ ಪ್ಯಾರಿಸಿನಲ್ಲಿ ವಿಂಚಿಯೊಲೊ ಎಂಬಾತ ಚೌಕಳಿ ಹಾಕಿ, ಮನೆ ಮನೆ ತುಂಬಿ, ಎಣಿಸುವಂಥ ಚಿತ್ರ ಕೊಟ್ಟ. 19ನೇ ಶತಮಾನದಲ್ಲಿ ಬರ್ಲಿನ್ನಿನ ಬಣ್ಣದ ಚೌಕಳಿ ಹಾಳೆಗಳು ಊರೂರಿಗೆ ಹೋದವು. ನಮ್ಮಲ್ಲಿ ಅದು ಬಟ್ಟೆಯಿಂದ ಬಟ್ಟೆಗೆ ಹೋಗುತ್ತಿತ್ತು. ಅತ್ತೆಯ ಸೀರೆ ನೋಡಿ ಸೊಸೆ, ಪಕ್ಕದ ಮನೆಯವಳ ಕುಪ್ಪಸ ನೋಡಿ ಇವಳು. ಗ್ರಾಫ್ ಹಾಳೆ ಬಂದದ್ದು ಆಮೇಲೆ. ಗ್ರಾಫ್ ಹಾಳೆ ಬಂದದ್ದರಿಂದ ತುಂಬಾ ಚಿತ್ತಾರಗಳು ಉಳಿದುಕೊಂಡವು, ಅದನ್ನು ಬೈಯುವುದಿಲ್ಲ. ಈಗ ಕರ್ನಾಟಕದ ಕಸೂತಿಗೆ ಭೌಗೋಳಿಕ ಸೂಚಕದ ರಕ್ಷಣೆಯೂ ಇದೆ. ಆದರೆ ಗ್ರಾಫ್ ಹಾಳೆಯ ಮೇಲೆ ಇರುವುದು ಗೆರೆ ಮಾತ್ರ. ಸೂಜಿ ಎಲ್ಲಿಂದ ಹೊರಟಿತು, ಕವಲಿನಲ್ಲಿ ಯಾವ ಕಡೆ ಮೊದಲು ತಿರುಗಿತು, ಕಳಸಕ್ಕೆ ಯಾವಾಗ ಏರಿ ಯಾವಾಗ ಇಳಿಯಿತು, ಇದೊಂದೂ ಅದರಲ್ಲಿಲ್ಲ.

ಬಟ್ಟೆಯಲ್ಲಾದರೂ ಇದೆಯಾ? ಇಲ್ಲಿಗೆ ನಮ್ಮ ಮನೆಯ ಕೌದಿಯ ಕತೆ ಬರುತ್ತದೆ.

ನಮ್ಮ ಮನೆಯ ಚಂದ್ರಕಾಳಿಗಳಲ್ಲಿ ಹೆಚ್ಚಿನವು ಹಳೆಯ ಸೀರೆಗೆ ಬಾಂಡೆ ಕೊಡುವವರ ಗಂಟು ಸೇರಿವೆ. ಒಂದು ಸ್ಟೀಲಿನ ಡಬ್ಬಿ ಇನ್ನೂ ಇದೆ, ಅದರಲ್ಲಿ ಅವಲಕ್ಕಿ ಇಡುತ್ತೇವೆ. ತೀರಾ ಹರಿದವು ಕೌದಿಯ ಹೊಟ್ಟೆ ಸೇರಿದವು. ನಿಮಗೆ ಗೊತ್ತಿರುವಂತೆ ಕೌದಿಯ ಒಳಪದರವೆಲ್ಲ ಹಳೆಯ ಬಟ್ಟೆಯೇ. ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಒಂದು ಮೂಲೆ ಹರಿದಿದ್ದ ಕೌದಿಯೊಳಗೆ ಕಪ್ಪು ಬಟ್ಟೆ, ಅದರ ಮೇಲೊಂದು ಗೋಪುರ ಇಣುಕುತ್ತಿತ್ತು. ಬಿಚ್ಚಿ ತೆಗೆದೆ. ನಾಲ್ಕು ಇಂಚು ಎತ್ತರ. ಎಣಿಸಿದರೆ ಅರವತ್ತೆರಡು ಮನೆ.

“ಅದು ನಮ್ಮತ್ತಿದು” ಅಂದಳು ಆಯಿ. “ತಿರಿವಿ ಉಟ್ಟರೂ ಗೊತ್ತಾಗ್ತಿದ್ದಿಲ್ಲ ನೋಡವಾ, ಹಿಂದ-ಮುಂದ ಒಂದ ಇರತಿತ್ತು.”

“ಹೆಂಗ ಹಾಕ್ತಿದ್ರ ಆಯಿ?”

“ಹೆಂಗಂದ್ರ? ಎಣಿಸಿ. ಹೋಗೂವಾಗ ಬಿಟಗೋತ ಹೋಗೂದು, ಬರೂವಾಗ ತುಂಬಕೋತ ಬರೂದು. ಎಲ್ಲಿ ತಿರಗಬೇಕು ಅನ್ನೂದು ಆಕಿಗೆ ಗೊತ್ತಿತ್ತು. ನಾ ಕಲೀಲಿಲ್ಲ. ನನಗ ಹೊಲದ ಕೆಲಸ ಇತ್ತವಾ.”

ಆ ತುಣುಕನ್ನು ಸ್ಕ್ಯಾನ್ ಮಾಡಿ, ಮುಂಬದಿ ಹಿಂಬದಿ ಒಂದರ ಮೇಲೊಂದು ಇಟ್ಟು ನೋಡಿದೆ. ದಾರಿ ಪತ್ತೆಯಾಗಲಿಲ್ಲ, ಪತ್ತೆಯಾಗುವುದು ಸಾಧ್ಯವೂ ಇಲ್ಲ. ಹೊಲಿಗೆ ಅಷ್ಟು ಸರಿಯಾಗಿದೆ. ಎಲ್ಲಾದರೂ ಗಂಟಿದ್ದಿದ್ದರೆ, ದಾರ ಅಡ್ಡ ಹಾರಿದ್ದಿದ್ದರೆ ಅಲ್ಲಿಂದ ಊಹಿಸಬಹುದಿತ್ತು. ಎರಡೂ ಬದಿ ಒಂದೇ ಥರ ಮುಗಿಸಿದವಳು ತಾನು ನಡೆದ ಹೆಜ್ಜೆಯ ಗುರುತನ್ನೂ ತಾನೇ ಅಳಿಸಿ ಹೋಗಿದ್ದಾಳೆ. ಒಂದೆರಡು ಕಡೆ ದಾರ ಮುಗಿದು ಹೊಸ ದಾರ ಸೇರಿಸಿದ ಜಾಗದಲ್ಲಿ ಮಾತ್ರ ಹೊಲಿಗೆ ಕೊಂಚ ದಪ್ಪ. ಒಂದು ಬುಡದ ಎಡಗಡೆ, ಇನ್ನೊಂದು ಮೂರನೇ ಅಂತಸ್ತಿನಲ್ಲಿ. ನಮ್ಮ ಮುತ್ತಜ್ಜಿಯ ಬಗ್ಗೆ ಅಷ್ಟು ಮಾತ್ರ ಆ ಬಟ್ಟೆ ಹೇಳುತ್ತದೆ. ನಾನು ಒಂದು ಪ್ರೋಗ್ರಾಂ ಬರೆದೆ, ಅದು ಕಣ್ಣು ಮಿಟುಕಿಸುವುದರೊಳಗೆ ಒಂದು ದಾರಿ ಕೊಟ್ಟಿತು. ಇನ್ನೊಂದು ಸಲ ಓಡಿಸಿದರೆ ಇನ್ನೊಂದು. ಎಷ್ಟು ಬೇಕಾದರೂ ಕೊಡುತ್ತದೆ. ಅವುಗಳಲ್ಲಿ ಅವಳದು ಯಾವುದು?

ಅಂಗಡಿಯಲ್ಲಿ ಈಗ ಸಿಗುವ ಮೆಷಿನ್ ಕಸೂತಿಯನ್ನು ತಿರುಗಿಸಿ ನೋಡಿ, ಹಿಂಬದಿಯಲ್ಲಿ ಕೆಳದಾರ ಕಾಣುತ್ತದೆ. ಮುದ್ರಿಸಿದ ಕಸೂತಿ ಸೀರೆಗಂತೂ ಹಿಂಬದಿಯೇ ಇಲ್ಲ. ಕಡಿಮೆ ಬೆಲೆಗೆ ಸಿಗುತ್ತದೆ, ಚೆನ್ನಾಗೂ ಕಾಣುತ್ತದೆ, ನಾನೂ ಉಟ್ಟಿದ್ದೇನೆ. ಆದರೆ ಕೈ ಕಸೂತಿಗೆ ಕಣ್ಣು ಸವೆಸಿದವಳು ಬೆಲೆ ಹೇಳಿದಾಗ “ಅಷ್ಟಾ?” ಅನ್ನುವವರು ಒಮ್ಮೆ ಹಿಂಬದಿ ನೋಡಿ ಆಮೇಲೆ ಚೌಕಾಸಿ ಮಾಡಲಿ ಅನ್ನಿಸುತ್ತದೆ.

ಮತ್ತೆ ಗೊಂಬೆಮನೆಗೆ ಬರೋಣ. ಒಂಬತ್ತು ಗಜದ ಸೀರೆ ಅಂದರೆ ಇಪ್ಪತ್ತೇಳು ಅಡಿ, ಗೊಂಬೆಗೆ ಇಪ್ಪತ್ತೇಳು ಇಂಚು. ಉದ್ದ ಕುಗ್ಗಿಸಬಹುದು, ಬಟ್ಟೆಯ ದಪ್ಪ ಕುಗ್ಗುವುದಿಲ್ಲ. ಸಾದಾ ಹತ್ತಿ ಬಟ್ಟೆಯ ನಿರಿಗೆ ತಗಡಿನ ಹಾಗೆ ಸೆಟೆದು ನಿಲ್ಲುತ್ತದೆ. ಹಾಗಾಗಿ ಉಡಿಸುವುದು ಬಿಟ್ಟು ಮಡಚಿ ಪೆಟ್ಟಿಗೆಯಲ್ಲೇ ಇಡುವುದು ಅಂತಾಯಿತು. ಸೀರೆಯ ಮೈ ತೆಳು ರೇಷ್ಮೆ, ಸೆರಗಿನ ಚಿತ್ತಾರಕ್ಕೆ ಮಾತ್ರ ಇಂಚಿಗೆ ನಲವತ್ತು ಮನೆ ಇರುವ ರೇಷ್ಮೆಯ ಜಾಲರಿ ಬಟ್ಟೆ. ನಾಲ್ಕಿಂಚಿನ ಗೋಪುರ ಇಲ್ಲಿ ಇಂಚಿನ ಮೂರನೇ ಒಂದು ಪಾಲು. ಅಂದರೆ ಬರೀ ಹದಿಮೂರು ಮನೆ.

ಪ್ರಿಂಟರಿಗೆ ಇದು ತೊಂದರೆಯೇ ಅಲ್ಲ. ಅರವತ್ತೆರಡು ಮನೆಯ ಗೋಪುರವನ್ನೇ ಕುಗ್ಗಿಸಿ ಒಂದು ಗೆರೆ ಬಿಡದೆ ಮುದ್ರಿಸುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಎಲ್ಲವೂ ಇದೆ, ಬರಿಗಣ್ಣಿಗೆ ಮಾತ್ರ ಬೂದು ಕಲೆ. ದಾರಕ್ಕೆ ಆ ಸೌಲಭ್ಯ ಇಲ್ಲ. ಹದಿಮೂರು ಮನೆಯಲ್ಲಿ ಏನು ಉಳಿಸಬೇಕು, ಏನು ಬಿಡಬೇಕು ಅಂತ ಕೂತು ಯೋಚಿಸಬೇಕು. ಬಾಗಿಲಿಗೆ ಮೂರು, ಅಂತಸ್ತುಗಳು ಏಳರ ಬದಲು ನಾಲ್ಕು, ತಲಾ ಎರಡು ಮನೆ, ಉಳಿದ ಎರಡು ಕಳಸಕ್ಕೆ. ಅಂತಸ್ತಿನೊಳಗಿನ ಮುರಗಿಯ ಮೆಟ್ಟಿಲುಗಳೆಲ್ಲ ಹೋದವು, ಅಂಚಿನವು ಮಾತ್ರ ಇದ್ದವು. ಇದನ್ನು ಮಾಡುವಾಗಲೇ ಹೊಳೆದದ್ದು: ಸೆರಗಿನಿಂದ ದೂರ ಹೋದಂತೆ ಚಿತ್ತಾರ ಸಣ್ಣದಾಗುತ್ತದಲ್ಲ, ಅಲ್ಲೂ ಆ ಹೆಂಗಸರು ದೊಡ್ಡ ಗೋಪುರವನ್ನು ಕುಗ್ಗಿಸುತ್ತಿರಲಿಲ್ಲ. ಎಳೆಯ ಲೆಕ್ಕಕ್ಕೆ ತಕ್ಕಂತೆ ಹೊಸ ಗೋಪುರ ಕಟ್ಟುತ್ತಿದ್ದರು. ಕೌದಿಯ ತುಣುಕಿನ ಅಂಚಿನಲ್ಲೇ ಒಂದು ಪುಟ್ಟ ತುಳಸಿ ಕಟ್ಟೆ ಇದೆ, ಒಂಬತ್ತು ಮನೆಯದು. ಒಂಬತ್ತರಲ್ಲಿ ಕಟ್ಟೆ, ಗಿಡ, ದೀಪದ ಗೂಡು ಮೂರೂ ಇವೆ!

ಒಂದು ಗೋಪುರಕ್ಕೆ ನನಗೆ ಮೂರು ಸಂಜೆ ಹಿಡಿಯಿತು. ಒಂದೆಳೆ ದಾರ, ದೊಡ್ಡ ಗಾಜು, ಮೇಜಿನ ದೀಪ. ದಾರಿ ಪ್ರೋಗ್ರಾಂ ಕೊಟ್ಟದ್ದಲ್ಲ. ಬುಡದ ಎಡಗಡೆಯ ದಪ್ಪ ಹೊಲಿಗೆ ನೆನಪಿಟ್ಟುಕೊಂಡು ಅಲ್ಲಿಂದಲೇ ಹೊರಟೆ. ಊರಿಗೆ ಹೋದಾಗ ಆಯಿಗೆ ತೋರಿಸಿದೆ. ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬೆರಳಲ್ಲಿ ಹಿಡಿದು ಮೊದಲು ತಿರುವಿ ಹಿಂಬದಿಯ ಮೇಲೆ ಉಗುರಾಡಿಸಿದಳು, ಗಂಟು ಇದೆಯಾ ಅಂತ.

ನಿಮ್ಮ ಮನೆಯಲ್ಲಿ ಹಳೆಯ ಕೌದಿ ಇದ್ದರೆ ಒಗೆಯುವ ಮೊದಲು ಅದರ ಹರಿದ ಮೂಲೆಯೊಳಗೆ ಒಮ್ಮೆ ಇಣುಕಿ ನೋಡಿ. ಕಪ್ಪು ಬಟ್ಟೆ ಕಂಡರೆ ಮನೆ ಎಣಿಸಿ ನನಗೆ ಬರೆಯಿರಿ. ಎಲ್ಲಿ ಹೊಲಿಗೆ ದಪ್ಪ ಅನ್ನುವುದನ್ನೂ ಬರೆಯಿರಿ. ನನ್ನ ಗೊಂಬೆಮನೆಗೆ ಇನ್ನೂ ಎರಡು ಪೆಟ್ಟಿಗೆ ಖಾಲಿ ಇವೆ :-)