ಅಪ್ಪನೇ ಕೋಚ್ ಆದರೆ ಮಗು ಚಾಂಪಿಯನ್ ಆಗುತ್ತಾ? ಫಾರ್ವರ್ಡ್ ಮಾಡುವ ಮುನ್ನ ಓದಿ

ಹೇಳಿಕೆ: ತಂದೆ ಅಥವಾ ತಾಯಿಯೇ ತರಬೇತಿ ಕೊಟ್ಟರೆ ಮಗು ಚಾಂಪಿಯನ್ ಆಗುವುದು ಖಚಿತ.

ವಾಸ್ತವ: ಅರ್ಧ ಸತ್ಯ. ಪಾಲಕರ ತರಬೇತಿಯಿಂದ ಲಾಭವಿದೆ, ಆದರೆ ಅದಕ್ಕೆ ಮಗು ತೆರುವ ಬೆಲೆಯೂ ಇದೆ.

ಶಾಲಾ ತಂಡಗಳ ಆಯ್ಕೆ ಶುರುವಾದರೆ ಹುಬ್ಬಳ್ಳಿ-ಧಾರವಾಡದ ಪಾಲಕರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತವೆ. ಒಂದು, ‘ದಂಗಲ್’ ಸಿನಿಮಾದ ಅಪ್ಪನ ಉದಾಹರಣೆ. ಇನ್ನೊಂದು, “ಅವರಪ್ಪನ ಕೋಚ್ ಅದಾರ, ಅವನ್ನ ಬಿಟ್ಟು ಬ್ಯಾರೆ ಯಾರನ್ನ ತಗೋತಾರ?” ಎಂಬ ಗೊಣಗಾಟ. ಕಬಡ್ಡಿ, ಕೊಕ್ಕೊ, ವಾಲಿಬಾಲ್, ಓಟ ಎಲ್ಲವನ್ನೂ ಒಬ್ಬರೇ ಪಿ.ಟಿ. ಸರ್ ನೋಡಿಕೊಳ್ಳಬೇಕಾದ ಶಾಲೆಯಲ್ಲಿ ಆಟ ಬಲ್ಲ ಪಾಲಕರೊಬ್ಬರು ನೆರವಿಗೆ ಬಂದರೆ ಅದು ಉಪಕಾರವೇ. ಹಾಗಾದರೆ ತೊಡಕು ಎಲ್ಲಿ?

ಸಿನಿಮಾ ಬೇರೆ, ನಿಜ ಬೇರೆ

ಮಹಾವೀರ್ ಸಿಂಗ್ ಫೋಗಟ್ ತಮ್ಮ ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸಿದ್ದು, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಗೀತಾ ಚಿನ್ನ ಗೆದ್ದಿದ್ದು ನಿಜ. ಆದರೆ ಫೈನಲ್ ವೇಳೆ ಅಪ್ಪನನ್ನು ಕೋಣೆಯಲ್ಲಿ ಕೂಡಿಹಾಕುವ ದೃಶ್ಯ ಕಾಲ್ಪನಿಕ. ಅಪ್ಪ ಹಾಕಿದ ಬುನಾದಿಯ ಮೇಲೆ ರಾಷ್ಟ್ರೀಯ ಶಿಬಿರದ ಕೋಚ್‌ಗಳ ಕೆಲಸವೂ ಇತ್ತು.

ಇಂಥ ಕಥೆಗಳಲ್ಲಿ ಇನ್ನೊಂದು ಮೋಸವಿದೆ. ಗೆದ್ದವರ ಕಥೆ ಮಾತ್ರ ಸಿನಿಮಾ ಆಗುತ್ತದೆ, ಫಾರ್ವರ್ಡ್ ಆಗುತ್ತದೆ. ಅಪ್ಪನ ಒತ್ತಡ ತಾಳದೆ ಆಟವನ್ನೇ ಬಿಟ್ಟ ಮಕ್ಕಳ ಕಥೆ ಯಾರ ಮೊಬೈಲಿಗೂ ಬರುವುದಿಲ್ಲ.

ಕರ್ನಾಟಕದ ಮೂರು ಉದಾಹರಣೆ

ಪ್ರಕಾಶ್ ಪಡುಕೋಣೆ ಅವರಿಗೆ ಬ್ಯಾಡ್ಮಿಂಟನ್ ಪರಿಚಯಿಸಿದ್ದು ತಂದೆ ರಮೇಶ್ ಪಡುಕೋಣೆ. 1962ರಲ್ಲಿ ರಾಜ್ಯ ಜೂನಿಯರ್ ಟೂರ್ನಿಯ ಮೊದಲ ಸುತ್ತಿನಲ್ಲೇ ಸೋತ ಹುಡುಗ 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದರು.

ರಾಹುಲ್ ದ್ರಾವಿಡ್ ಅವರದು ಬೇರೆ ದಾರಿ. ಭಾರತ ತಂಡದ ಮುಖ್ಯ ಕೋಚ್ ಆಗಿದ್ದಾಗಲೇ, ತಂದೆ ಮತ್ತು ಕೋಚ್ ಎರಡೂ ಪಾತ್ರ ನಿಭಾಯಿಸುವುದು ಕಷ್ಟ, ಹಾಗಾಗಿ ಮಗ ಸಮಿತ್‌ಗೆ ತಾವು ತರಬೇತಿ ಕೊಡುವುದಿಲ್ಲ ಎಂದಿದ್ದರು.

ನಮ್ಮ ಭಾಗದ ಸುನಿಲ್ ಜೋಶಿ ಬೆಳಿಗ್ಗೆ ಗದಗದಿಂದ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. 1996ರಲ್ಲಿ ಭಾರತ ತಂಡ ಸೇರಿದರು. ಅಂದರೆ, ದಾರಿ ಒಂದೇ ಅಲ್ಲ.

ಅಧ್ಯಯನ ಏನು ಹೇಳುತ್ತದೆ?

ಅಮೆರಿಕದ ಮೌರೀನ್ ವೈಸ್ ಮತ್ತು ಸ್ಟೀಫನ್ ಫ್ರೆಟ್‌ವೆಲ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆಯೇ ಕೋಚ್ ಆಗಿದ್ದ ಫುಟ್‌ಬಾಲ್ ತಂಡಗಳ ಬಾಲಕರನ್ನು, ಅವರ ತಂದೆಯರನ್ನು ಮತ್ತು ಜೊತೆ ಆಟಗಾರರನ್ನು ಮಾತನಾಡಿಸಿದರು. ಅಪ್ಪನ ಜೊತೆ ಹೆಚ್ಚು ಸಮಯ, ಮೆಚ್ಚುಗೆ, ಆಟದ ಒಳಮರ್ಮ ಸಿಗುತ್ತದೆ ಎಂದು ಮಕ್ಕಳು ಹೇಳಿದರು. ಜೊತೆಗೇ ಅತಿಯಾದ ನಿರೀಕ್ಷೆ, ಟೀಕೆ, ಜಗಳದ ಬಗ್ಗೆಯೂ ಹೇಳಿದರು. ಇದು ಚಿಕ್ಕ ಅಧ್ಯಯನ, ಎಲ್ಲರಿಗೂ ಅನ್ವಯಿಸುವ ಅಂಕಿ-ಅಂಶವಲ್ಲ. ಆದರೂ ಒಂದು ಮಾತು ಗಮನಿಸಬೇಕು: ಪಕ್ಷಪಾತ ಎಂದರೆ ತನ್ನ ಮಗುವಿಗೆ ಹೆಚ್ಚು ಅವಕಾಶ ಕೊಡುವುದಷ್ಟೇ ಅಲ್ಲ. “ಜನ ಏನಂದುಕೊಂಡಾರು” ಎಂದು ತನ್ನ ಮಗುವನ್ನೇ ಎಲ್ಲರಿಗಿಂತ ಹೆಚ್ಚು ಬೈಯುವುದೂ ಪಕ್ಷಪಾತವೇ.

ಪಾಲಕರು ಕೋಚ್ ಆಗಿದ್ದರೆ

1. ಆಯ್ಕೆ ಬೇರೆಯವರು ಮಾಡಲಿ. ನಿಮ್ಮ ಮಗು ಕಣದಲ್ಲಿದ್ದರೆ ತೀರ್ಮಾನವನ್ನು ಪಿ.ಟಿ. ಸರ್‌ಗೆ ಬಿಡಿ. ಮಾನದಂಡ ಮೊದಲೇ ಎಲ್ಲರಿಗೂ ತಿಳಿದಿರಲಿ. ನಿಮ್ಮ ಮಗುವಿಗೆ ಸ್ಥಾನ ಸಿಕ್ಕರೂ ಅದು ಅರ್ಹತೆಯಿಂದಲೇ ಸಿಕ್ಕಿತು ಎಂದು ಉಳಿದ ಮಕ್ಕಳು ನಂಬುವುದು ಆಗ ಮಾತ್ರ.

2. ಮೈದಾನದ ಮಾತು ಮೈದಾನದಲ್ಲೇ ಮುಗಿಯಲಿ. ಮನೆಗೆ ಹೋಗುವಾಗ ಬೈಕಿನಲ್ಲಿ, ಊಟಕ್ಕೆ ಕೂತಾಗ ಬಿಟ್ಟ ಕ್ಯಾಚಿನ ಲೆಕ್ಕ ಬೇಡ. ಸೋತ ದಿನ ಮಗುವಿಗೆ ಬೇಕಾದದ್ದು ಅಪ್ಪ, ಕೋಚ್ ಅಲ್ಲ.

3. ವಿಶ್ರಾಂತಿ ಕೊಡಿ. ವಾರಕ್ಕೆ 1-2 ದಿನ ಮತ್ತು ವರ್ಷದಲ್ಲಿ ಒಟ್ಟು 3 ತಿಂಗಳು ತಮ್ಮ ಮುಖ್ಯ ಆಟದಿಂದ ಮಕ್ಕಳಿಗೆ ಬಿಡುವು ಇರಲಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘಟನೆ ಹೇಳುತ್ತದೆ. ಮನೆಯಲ್ಲೇ ಕೋಚ್ ಇದ್ದರೆ ಈ ಬಿಡುವು ಸುಲಭವಾಗಿ ತಪ್ಪಿಹೋಗುತ್ತದೆ. ಬೆನ್ನು, ಮೊಣಕಾಲು ನೋಯುತ್ತಿದೆ ಎಂದರೆ ನೆಪ ಎನ್ನದೆ ವೈದ್ಯರಿಗೆ ತೋರಿಸಿ.

4. “ನನಗೆ ಈ ಆಟ ಸಾಕು” ಎನ್ನುವ ಹಕ್ಕು ಮಗುವಿಗಿರಲಿ. ದೀಪಿಕಾ ಪಡುಕೋಣೆ ರಾಷ್ಟ್ರಮಟ್ಟದಲ್ಲಿ ಬ್ಯಾಡ್ಮಿಂಟನ್ ಆಡಿದವರು. ಅವರು ಅದನ್ನು ಬಿಟ್ಟು ತಮ್ಮದೇ ದಾರಿ ಹಿಡಿದರು.

5. ಹೊಡೆತ, ಅವಮಾನ ತರಬೇತಿಯಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. “ನನ್ನ ಮಗ, ನಾನು ಹೊಡೀತೀನಿ” ಎಂಬ ಮಾತಿಗೆ ಶಾಲೆ ತನ್ನ ಮೈದಾನದಲ್ಲಿ ಜಾಗ ಕೊಡಬಾರದು.

ಕೊನೆಯದಾಗಿ

ಅಪ್ಪ-ಅಮ್ಮ ಕೋಚ್ ಆಗುವುದು ತಪ್ಪಲ್ಲ, ಅದು ಗೆಲುವಿನ ಗ್ಯಾರಂಟಿಯೂ ಅಲ್ಲ. ಚಾಂಪಿಯನ್ ಅಪ್ಪನ ಫಾರ್ವರ್ಡ್ ಮುಂದಿನ ಸಲ ಬಂದಾಗ ಅದನ್ನು ಹಂಚುವ ಮೊದಲು ನಿಮ್ಮ ಮಗುವನ್ನು ಒಂದು ಮಾತು ಕೇಳಿ: “ನಾನು ಕಲಿಸುವುದು ನಿನಗೆ ಇಷ್ಟವೇ?” ಉತ್ತರ ಏನೇ ಬಂದರೂ ಬೇಸರಪಡದೆ ಕೇಳಿಸಿಕೊಳ್ಳಿ.